ಗೋಡೆಗೆ ನಮ್ಮನ್ನು ಬರೆದ ಮೇಷ್ಟ್ರು

ಅವರ ಎಡಗೈ ಹೆಬ್ಬೆರಳಿನ ಉಗುರು ಯಾವಾಗಲೂ ಬಣ್ಣದಲ್ಲಿ ಮುಳುಗಿರುತ್ತಿತ್ತು. ಕಲಸಿದ ಬಣ್ಣ ಸರಿಯಾಗಿದೆಯೋ ಇಲ್ಲವೋ ಎಂದು ಆ ಉಗುರಿಗೆ ಹಚ್ಚಿ ಬಿಸಿಲಿಗೆ ಹಿಡಿದು ನೋಡುವರು. ಅದೇ ಕೈಯಲ್ಲಿ ಬುತ್ತಿಯನ್ನೂ ಬಿಚ್ಚುವರು.

"ಹೊಟ್ಟೆಗೆ ಹೋಗ್ತೈತೆ ಮೇಷ್ಟ್ರೇ" ಅಂದರೆ, "ಹೋಗ್ಲಿ ಬಿಡಕ್ಕ, ಒಳಗೂ ಒಂದ್ ಕೋಟ್ ಆಗ್ಲಿ" ಅನ್ನುವರು.

ಶಾಲೆಯ ಮೇಷ್ಟ್ರಲ್ಲ. ಗೋಡೆಗೆ ಚಿತ್ರ ಬರೆಯುವವರು. ಹಳೇಬೀಡಿನಿಂದ ಬೆಳಗಿನ ಬಸ್ಸಿಗೆ ಅರಸೀಕೆರೆಗೆ ಬರುವರು. ಮೊದಲು ಅಂಗಡಿ ಬೋರ್ಡು ಬರೆಯುತ್ತಿದ್ದರಂತೆ. ಫ್ಲೆಕ್ಸ್ ಬಂದು ಅದು ಹಾಳಾಯಿತು. ಆಮೇಲೆ ಶಾಲೆಯ ಗೋಡೆ, ಆಸ್ಪತ್ರೆಯ ಗೋಡೆ, ನೀರಿನ ಟ್ಯಾಂಕು. ನಾವು ಬಣ್ಣದ ಮೇಷ್ಟ್ರು ಎಂದು ಕರೆದೆವು, ಅದೇ ನಿಂತಿತು.

ನಾನು ಕೊಬ್ಬರಿ ಮಂಡಿಯಲ್ಲಿ ಕೂಲಿ ಮಾಡುತ್ತಿದ್ದವಳು. ಒಣಗಿದ ಕಾಯಿಯ ಕರಟ ಒಡೆದು, ಒಳಗಿನ ಉಂಡೆ ಕೊಬ್ಬರಿಗೆ ಪೆಟ್ಟಾಗದಂತೆ ತೆಗೆಯುವ ಕೆಲಸ. ಶಾಲೆಯ ಬಾಗಿಲು ಕಂಡವಳಲ್ಲ. ನಮ್ಮ ಬೀದಿಯಲ್ಲಿ ಕುಡಿಯುವ ನೀರಿನ ಬಗ್ಗೆ ಬರೆಯಲು ಬಂದಾಗ ಮೇಷ್ಟ್ರು ಅಕ್ಷರಗಳ ಅಂಚು ಮಾತ್ರ ಎಳೆದು ಕುಂಚವನ್ನು ನಮ್ಮ ಕೈಗೆ ಕೊಟ್ಟರು. "ಒಳಗೆ ತುಂಬ್ರಿ. ಗೆರೆ ದಾಟಬ್ಯಾಡ್ರಿ" ಅಂದರು. ಮೊದಲ ದಿನ ನಾನು ತುಂಬಿದ್ದು 'ನೀರು'. ಅದು ನೀರು ಎಂದು ಅವರು ಹೇಳಿದ ಮೇಲೆ ಗೊತ್ತಾಯಿತು. ಹೀಗೆ ಬೇರೆ ಬೇರೆ ಗೋಡೆಗಳಲ್ಲಿ ಅಕ್ಷರಗಳ ಹೊಟ್ಟೆ ತುಂಬಿಸುತ್ತಾ, ಐವತ್ತು ದಾಟಿದ ಮೇಲೆ ನಾನು ಓದು ಕಲಿತೆ. ನನ್ನ ಹೆಸರು ಬರೆಯುವುದನ್ನೂ ಅವರೇ ಕಲಿಸಿದರು.

ಅವರದೊಂದು ಕಟ್ಟುನಿಟ್ಟು ಇತ್ತು. ಯಾವ ಗೋಡೆಯಾದರೂ ಸರಿ, ಅದರ ನೆರಳಲ್ಲಿ ಕೂರುವವರನ್ನು ಕೇಳದೆ ಕುಂಚ ಮುಟ್ಟರು. ಹೂವಿನವಳನ್ನು ಕೇಳುವರು, ಚಪ್ಪಲಿ ಹೊಲಿಯುವವನನ್ನು ಕೇಳುವರು. "ದಿನಾ ನೋಡೋರು ನೀವು. ನಾನು ಬರ್ದು ಬಸ್ ಹತ್ತೋನು" ಅನ್ನುವರು.

ಬಸ್ಸು ನಿಲ್ಲುವ ಕಡೆಗೆ ಮುಖ ಮಾಡಿದ್ದ ನಮ್ಮ ಮಂಡಿಯ ಉದ್ದ ಗೋಡೆ ಅವರ ಪಾಲಿಗೆ ಬಂತು. ನಗರಸಭೆ ಕಚೇರಿಯವರು ಶಿಲಾಬಾಲಿಕೆ ಬರೆಯಿರಿ ಅಂದಿದ್ದರು. ಮೇಷ್ಟ್ರು ಎಂದಿನಂತೆ ನಮ್ಮ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತು, "ಏನ್ ಬರೀಲಿ?" ಎಂದು ಕೇಳಿದರು. ನಾನು ತಮಾಷೆಗೆ, "ಆ ಕಲ್ಲಿನ ಹೆಂಗಸ್ರು ನಿಮ್ಮೂರಲ್ಲಿ ಬೇಕಾದಷ್ಟವ್ರೆ. ನಮ್ಮನ್ನೇ ಬರೀರಿ" ಅಂದೆ.

ಬರೆದೇಬಿಟ್ಟರು. ಮಂಡಿಯ ನಾವು ಐದು ಹೆಂಗಸರು, ಆಳೆತ್ತರ. ಐದನೆಯವಳು ಹಿಂದಿನ ವರ್ಷ ಸತ್ತಿದ್ದಳು. ಅವಳ ಫೋಟೋ ಒಂದೂ ಇರಲಿಲ್ಲ. ನಾವು ಹೇಳುತ್ತಾ ಹೋದೆವು, ಅವರು ತಿದ್ದುತ್ತಾ ಹೋದರು. "ಮೂಗು ಇನ್ನೊಂಚೂರು ಮೊಂಡು ಮೇಷ್ಟ್ರೇ", "ಹಂಗೆ ನಗಾಕಿಲ್ಲ ಅವ್ಳು, ಬೈಯೋ ಥರ ನಗ್ತಾಳೆ." ಮೂರು ದಿನಕ್ಕೆ ಅವಳು ಬಂದು ಗೋಡೆಯಲ್ಲಿ ಕೂತಳು. ಅವಳ ಮಗಳು ಕೆಲಸಕ್ಕೆ ಹೋಗುವ ಮೊದಲು ಅಲ್ಲಿ ಒಂದು ಗಳಿಗೆ ನಿಂತು ಹೋಗುವಳು. ನಾನು ಮಧ್ಯದಲ್ಲಿದ್ದೆ. ಸೀರೆ ಎತ್ತಿ ಸಿಕ್ಕಿಸಿ, ಮೊಣಕಾಲು ಬಿಟ್ಟು, ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡು, ಕೈಯಲ್ಲಿ ಮಚ್ಚು ಹಿಡಿದು. ಹೇಗಿದ್ದೆನೋ ಹಾಗೆ.

ಆ ತಿಂಗಳೇ ಮೊಮ್ಮಗಳಿಗೆ ತಿಪಟೂರಿನ ಕಡೆಯಿಂದ ಗಂಡು ಬಂತು. ನನ್ನ ಮಗಳು ಅವರಿಗೆ, ನಮ್ಮವ್ವನದು ಕೊಬ್ಬರಿ ವ್ಯಾಪಾರ ಎಂದು ಹೇಳಿಬಿಟ್ಟಿದ್ದಳು.

"ಬಸ್ ಇಳಿದ ತಕ್ಷಣ ಗೋಡೆ ಮ್ಯಾಲೆ ನಿನ್ನ ನೋಡ್ತಾರೆ ಕಣವ್ವ! ಮಚ್ಚು ಹಿಡ್ಕಂಡು ಕೂತಿದ್ದೀಯ! ಈ ಸಂಬಂಧ ತಪ್ಪಿದ್ರೆ ನಿನ್ನಿಂದ್ಲೇ" ಎಂದು ಅತ್ತಳು.

ಮೇಷ್ಟ್ರ ಹತ್ತಿರ ಹೋದೆ. "ನನ್ ಮುಖ ಒಂದು ಅಳಿಸಿಬಿಡಿ" ಅಂದೆ.

"ಯಾಕಕ್ಕ, ಸರಿಯಾಗಿ ಬಂದಿಲ್ವಾ?"

"ಸರಿಯಾಗಿ ಬಂದಿರೋದೇ ತೊಂದ್ರೆ."

ವಿಷಯ ಹೇಳಿದೆ. ಅವರು ಕುಂಚ ಒರೆಸುತ್ತಾ, "ಬೇರೆ ಏನಾದ್ರೂ ಕೇಳಕ್ಕ. ಇದನ್ನ ಮಾತ್ರ ಮಾಡಾಕಿಲ್ಲ. ಕೂಲಿ ಮಾಡ್ದೆ, ಕದ್ದೆಯಾ?" ಅಂದರು.

ನನಗೆ ಸಿಟ್ಟು ನೆತ್ತಿಗೇರಿತು. ಅವರಿಗೆ ಮೊಮ್ಮಗಳಿದ್ದಿದ್ದರೆ ಗೊತ್ತಾಗುತ್ತಿತ್ತು ಎಂದುಕೊಂಡೆ. ಸೀದಾ ಕಚೇರಿಗೆ ಹೋದೆ. ಅಲ್ಲಿಯ ಗುಮಾಸ್ತನಿಗೆ ಮೊದಲಿಂದಲೂ ಆ ಚಿತ್ರ ಕಂಡರೆ ಆಗುತ್ತಿರಲಿಲ್ಲ. "ಬೇಲೂರಿಗೆ ಹೋಗೋ ಟೂರಿಸ್ಟುಗಳಿಗೆ ನಿಮ್ ಮೊಣಕಾಲು ತೋರ್ಸೋದಾ?" ಎನ್ನುತ್ತಾ ಅವನೇ ಅರ್ಜಿ ಬರೆದ. ಚಿತ್ರದಿಂದ ನಮ್ಮ ಐದೂ ಮನೆಯವರಿಗೆ ಅವಮಾನವಾಗಿದೆ, ಅಳಿಸಬೇಕು ಎಂದು. ಓದಿಕೊಂಡೆ. ಉಳಿದವರನ್ನು ಕೇಳಲಿಲ್ಲ. ಸಹಿ ಹಾಕಿದೆ. ಹೆಬ್ಬೆಟ್ಟು ಒತ್ತುವ ಹೆಂಗಸಾಗಿದ್ದರೆ ಅವನು ಉಳಿದವರನ್ನೂ ಕರೆದುಕೊಂಡು ಬಾ ಎನ್ನುತ್ತಿದ್ದನೋ ಏನೋ. ಸಹಿ ನೋಡಿ, "ಸಾಕು" ಅಂದ.

ಎರಡೇ ದಿನಕ್ಕೆ ಸುಣ್ಣ ಹೊಡೆದರು. ಸತ್ತವಳ ಮಗಳು ಬೆಳಿಗ್ಗೆ ಬಂದು ಬಿಳಿ ಗೋಡೆ ನೋಡಿದಳು. ಕೆಲಸಕ್ಕೆ ಹೋದಳು.

ಗಂಡಿನ ಕಡೆಯವರು ಬಂದರು. ಉಪ್ಪಿಟ್ಟು ತಿಂದರು. ಹುಡುಗನ ಅಜ್ಜಿ ನನ್ನ ಅಂಗೈ ಹಿಡಿದು ನೋಡಿ ನಕ್ಕಳು. "ಎಷ್ಟು ವರ್ಷ ಕಾಯಿ ಒಡೆದ್ರಿ? ನಾನು ತಿಪಟೂರಲ್ಲಿ ಇಪ್ಪತ್ತು ವರ್ಷ ಒಡೆದೆ" ಎಂದು ತನ್ನ ಕೈ ತೋರಿಸಿದಳು. ಅದೇ ಗಂಟು, ಅದೇ ಗಾಯ. ಮದುವೆ ಆಯಿತು.

ಆ ಗೋಡೆಗೆ ಶಿಲಾಬಾಲಿಕೆ ಬರೆಯಲು ಮೇಷ್ಟ್ರನ್ನೇ ಕರೆಸಿದರು. ಬರುವುದಿಲ್ಲ ಅಂದುಕೊಂಡಿದ್ದೆ. ಬಂದರು. ನಾವು ಗೋಡೆಯ ಬುಡದಲ್ಲೇ ಕೂತಿದ್ದೆವು. ಯಾರನ್ನೂ ಏನೂ ಕೇಳಲಿಲ್ಲ. ಕನ್ನಡಿ ಹಿಡಿದ ಹೆಂಗಸನ್ನು ಒಂದೂ ಗೆರೆ ತಪ್ಪದಂತೆ ಬರೆದರು. ಅಷ್ಟು ಚೆಂದದ, ಅಷ್ಟು ಸತ್ತ ಚಿತ್ರವನ್ನು ನಾನು ನೋಡಿಲ್ಲ. ನಾನು ಟೀ ತೆಗೆದುಕೊಂಡು ಹೋದೆ.

"ಬೇಡ ಅಮ್ಮಾವ್ರೇ. ನೀವು ತಗೊಳ್ಳಿ" ಅಂದರು.

ಹತ್ತು ವರ್ಷ ಅಕ್ಕ ಅಂದ ಬಾಯಿ. ಕಚೇರಿಯಲ್ಲಿ ಅರ್ಜಿಯನ್ನು ಅವರಿಗೆ ತೋರಿಸಿದ್ದರೆಂದು ಆಗ ತಿಳಿಯಿತು. ಆಮೇಲೆ ಅವರು ಯಾವ ಗೋಡೆಗೂ ಜನರನ್ನು ಬರೆಯಲಿಲ್ಲ. ಹೂವು, ನವಿಲು, ಕಚೇರಿಯವರು ಹೇಳಿದ್ದು.

ಹೋದ ವರ್ಷ ಎದೆನೋವಿನಲ್ಲಿ ಹೋಗಿಬಿಟ್ಟರು. ಕಾರ್ಯವೆಲ್ಲ ಮುಗಿದ ಮೇಲೆ ಹಳೇಬೀಡಿಗೆ ಹೋದೆ. ಮಂಡಿಯ ಗೋಡೆಯ ಫೋಟೋ ಇದೆಯಾ ಎಂದು ಅವರ ಹೆಂಡತಿಯನ್ನು ಕೇಳಿದೆ.

"ಅವ್ರು ಯಾವ್ದಕ್ಕೂ ಫೋಟೋ ತೆಗೀತಿರ್ಲಿಲ್ಲ. ಗೋಡೆ ಅಲ್ಲೇ ಇರುತ್ತಲ್ಲ, ಹೋಗಿ ನೋಡ್ಲಿ ಅನ್ನೋರು" ಅಂದರು ಆಯಮ್ಮ. ಆಮೇಲೆ ನನ್ನ ಮುಖ ನೋಡಿ, "ನೀವು ಮಂಡಿಯವರಲ್ವಾ? ಆ ಅರ್ಜಿಗೆ ಸೈನ್ ಹಾಕಿದ್ದು ಯಾರು? ಎಷ್ಟು ಕೇಳಿದ್ರೂ ಅವ್ರು ಕೊನೆವರ್ಗೂ ಹೇಳ್ಲೇ ಇಲ್ಲ" ಎಂದು ಕೇಳಿದರು.

"ಗೊತ್ತಿಲ್ಲ ಕಣಮ್ಮ" ಅಂದೆ. ಕೊಟ್ಟ ಕಾಫಿ ಕುಡಿದು ಬಸ್ಸು ಹತ್ತಿದೆ.

ಹಾಕಿದ್ದು ನಾನು. ಆಯಮ್ಮನಿಗೆ ಓದಲು ಬರುತ್ತದೆ. ಇಲ್ಲಿ ಬರೆದಿದ್ದೇನೆ, ಓದಿಕೊಳ್ಳಲಿ.