ಕೋಟಿಗೆ ಹೋದ ರಾಜ

ನಮ್ಮವರು ದರ್ಜಿ. ಅವರ ಅಣ್ಣ, ಅಂದರೆ ನನ್ನ ಭಾವ, ಅವರೂ ದರ್ಜಿ. ಒಂದೇ ಅಂಗಡಿ, ಬೆನ್ನಿಗೆ ಬೆನ್ನು ಕೊಟ್ಟ ಎರಡು ಮೆಷಿನ್ನು. ಅಣ್ಣ ತಮ್ಮ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಯಾಕೆಂದು ಇಬ್ಬರಿಗೂ ಸರಿಯಾಗಿ ನೆನಪಿಲ್ಲ, ಹಟ ಮಾತ್ರ ಮರೆತಿರಲಿಲ್ಲ. "ಕತ್ತರಿ ಕೊಡೋಕೆ ಹೇಳಮ್ಮ" ಎಂದು ಭಾವ ನನಗೆ ಹೇಳಬೇಕು, ಕೈಗೆಟುಕುವಷ್ಟು ಹತ್ತಿರ ಕೂತ ಗಂಡನಿಗೆ ನಾನದನ್ನು ಮುಟ್ಟಿಸಬೇಕು. ಗುಂಡಿಗೆ ಕಾಜಾ ಹೊಲಿಯುವುದು ಬಿಟ್ಟು ನನಗೆ ಇದೇ ಕೆಲಸ!

ಅವರಿಬ್ಬರ ನಡುವೆ ನೇರವಾಗಿ ಓಡಾಡುತ್ತಿದ್ದದ್ದು ಒಂದೇ ಮಾತು: "ಚೆಕ್." ಬಟ್ಟೆ ಕತ್ತರಿಸುವ ಮೇಜಿನ ತುದಿಯಲ್ಲಿ ಚದುರಂಗದ ಹಲಗೆ ಇತ್ತು. ಇಸ್ತ್ರಿಗೆಂದು ಎದ್ದವರು ಹಾಗೇ ಒಂದು ಕಾಯಿ ನಡೆಸಿ ಹೋಗುತ್ತಿದ್ದರು. ನಮ್ಮವರ ಕಪ್ಪು ರಾಜ ಯಾವತ್ತೋ ಕಳೆದುಹೋಗಿ, ಆ ಜಾಗದಲ್ಲಿ ಕೋಟಿನ ದೊಡ್ಡ ಕಪ್ಪು ಗುಂಡಿಯೊಂದು ಕೂತಿತ್ತು.

ಕೋಟು ಹೊಲಿಸಲು ಬಂದ ಗಣಿತದ ಮೇಷ್ಟ್ರು ಆ ಹಲಗೆ ನೋಡಿ ಸುಮ್ಮನಿರಬಾರದಿತ್ತೇ?

"ಇಬ್ರೂ ತಪ್ಪೇ ಮಾಡ್ದೆ ಆಡಿದ್ರೆ ಬಿಳಿ ಗೆಲ್ಲುತ್ತೆ, ಇಲ್ಲಾ ಕಪ್ಪು, ಇಲ್ಲಾ ಸರಿಸಮ. ಯಾವುದೋ ಒಂದು ಈಗಾಗ್ಲೇ ನಿಜ ಕಣ್ರೀ. ಅದಕ್ಕೊಂದು ದಾರಿ ಇದ್ದೇ ಇದೆ. ಯಾವುದು ಅಂತ ಯಾರಿಗೂ ಗೊತ್ತಿಲ್ಲ, ಅಷ್ಟೇ."

ಅಷ್ಟೇ ಅಂತೆ! ಅಂದಿನಿಂದ ನಮ್ಮವರು ಕಾಯಿ ಮುಟ್ಟಲಿಲ್ಲ. ಎಡತೋಳನ್ನು ಬಲಕ್ಕೆ ಹೊಲಿದರು. ಊಟಕ್ಕೆ ಕೂತರೂ ಅದೇ.

"ಕಪ್ಪು ಸೋಲ್ಲೇಬೇಕು ಅಂತಿದ್ರೆ?"

"ಹಾಗಾದ್ರೆ ಬಿಳಿ ಇಟ್ಕೊಳ್ಳಿ."

"ಬಿಳೀನೇ ಸೋಲೋದಿದ್ರೆ?"

"ಅಯ್ಯೋ, ನನ್ನ ತಲೆ ತಿನ್ಬೇಡಿ!"

ಆದರೆ ತಲೆ ನನ್ನದೂ ಕೆಟ್ಟಿತ್ತು. ಯಾರಿಗೂ ಗೊತ್ತಿಲ್ಲದ್ದು ಇದೆ ಅಂದರೆ ಎಲ್ಲಿದೆ?

ಭಾವ ಹಲಗೆಯ ಬಳಿ ಬಂದು ಬಂದು ನೋಡಿದರು. ಕೊನೆಗೊಂದು ಸಂಜೆ ನನ್ನನ್ನು ಕರೆದರು.

"ಅವನಿಗೆ ಆಟಾನೂ ಬೇಡವಾಯ್ತು. ನಾಳೆ ನನ್ನ ಮೆಷಿನ್ನು ಬೇರೆ ಕಡೆ ಒಯ್ತೀನಿ, ಹೇಳ್ಬಿಡು."

ಹೋಗಿ ಹೇಳಿದೆ. ಅಣ್ಣನ ಕೈ ಹಿಡಿದು ತಡೆಯುವುದು ಬಿಟ್ಟು ಈ ಮಹಾನುಭಾವ ಸೂಜಿಗೆ ದಾರ ಪೋಣಿಸುತ್ತಾ, "ಅದೂ ಮೊದ್ಲೇ ತೀರ್ಮಾನ ಆಗಿತ್ತೇನೋ" ಎಂದರು.

ಬೆಳಿಗ್ಗೆ ಭಾವ ಮೆಷಿನ್ನಿನ ಬೆಲ್ಟ್ ಬಿಚ್ಚಿದರು. ಕತ್ತರಿ ತೆಗೆದುಕೊಳ್ಳಲು ಮೇಜಿನ ಬಳಿ ಬಂದವರು ಅಲ್ಲೇ ನಿಂತರು.

"ರಾಜ ಎಲ್ಲೋ?"

ಮುಟ್ಟಿಸೋಣವೆಂದು ಬಾಯಿ ತೆರೆದೆ. ಆಮೇಲೆ ಹೊಳೆಯಿತು, ಅವರು ಕೇಳಿದ್ದು ನನ್ನನ್ನಲ್ಲ.

ನಮ್ಮವರು ಗುಂಡಿಯ ಡಬ್ಬಿಯಲ್ಲಿ ತಡಕಾಡಿದರು. ಮೇಜಿನ ಕೆಳಗೆ ಬಗ್ಗಿ ನೋಡಿದರು. ಮುಖ ಸಣ್ಣದಾಯಿತು.

"ಮೇಷ್ಟ್ರ ಕೋಟಿಗೆ ಒಂದು ಗುಂಡಿ ಕಮ್ಮಿ ಬಿದ್ದಿತ್ತು ಅಣ್ಣ. ನಿನ್ನೆ ಅದನ್ನೇ ಹೊಲಿದು ಕೊಟ್ಬಿಟ್ಟೆ ಅನ್ಸುತ್ತೆ."

ಭಾವ ನಕ್ಕರು ನೋಡಿ, ಕಣ್ಣಲ್ಲಿ ನೀರು ಬರುವವರೆಗೂ. ನಗುತ್ತಲೇ ತಮ್ಮ ಅಂಗಿಯ ಬಿಳಿ ಗುಂಡಿಯೊಂದನ್ನು ಕಿತ್ತು ಖಾಲಿ ಚೌಕದಲ್ಲಿಟ್ಟರು.

"ಮೇಷ್ಟ್ರು ಹೇಳಿದ ದಾರಿ ಯಾರಿಗೆ ಗೊತ್ತಂತೆ?"

"ಯಾರಿಗೂ ಗೊತ್ತಿಲ್ವಂತೆ."

"ಮತ್ತೇನ್ ನೋಡ್ತಾ ಕೂತಿದೀಯ? ನಡೆಸೋ."

ನಮ್ಮವರು ಕುದುರೆ ನಡೆಸಿದರು. ಎಂಥ ಪೆದ್ದು ನಡೆಯೆಂದರೆ ಆಟ ಬಾರದ ನನಗೂ ಗೊತ್ತಾಯಿತು.

ಭಾವ ತಮ್ಮ ಕಾಯಿ ನಡೆಸಿ "ಚೆಕ್" ಎಂದರು, ಹೋಗಿ ಬೆಲ್ಟನ್ನು ಮತ್ತೆ ಮೆಷಿನ್ನಿಗೆ ಹಾಕುತ್ತಾ.