ತುಪ್ಪದ ಪಾತ್ರೆಯ ತಳ

ಮೊನ್ನೆ ಮಗ್ಗೆ ಊರಿನ ನನ್ನ ಅತ್ತೆಮನೆಯಲ್ಲಿ ಬೆಣ್ಣೆ ಕಾಯುತ್ತಿತ್ತು. ಕೊನೆಗೆ ಹಾಕಿದ ವೀಳ್ಯದೆಲೆ ಚಟಪಟ ಅಂದದ್ದೇ ತಡ, ಜಗಲಿಯಲ್ಲಿ ಪೇಪರ್ ಹಿಡಿದು ದೊಡ್ಡ ಮನುಷ್ಯನಂತೆ ಕೂತಿದ್ದ ನನ್ನನ್ನು ಬಿಟ್ಟು ನನ್ನ ಮೂಗು ಅಡುಗೆಮನೆಗೆ ಹೋಗಿಬಿಟ್ಟಿತು. ತುಪ್ಪದ ವಾಸನೆಗೆ ಹಸಿವಾಗುವವರನ್ನು ನೀವು ನೋಡಿರುತ್ತೀರಿ. ನನಗೆ ಮೊದಲು ಹೊಟ್ಟೆ ಉರಿಯುತ್ತದೆ, ಹಸಿವು ಆಮೇಲೆ.

ಕಾರಣ ನನ್ನ ಭಾವ, ಅಕ್ಕನ ಗಂಡ. ಆಲೂರಿನ ಹತ್ತಿರದ ನಮ್ಮ ಮನೆಗೆ ಅವರು ಬಂದರೆ ಅಜ್ಜಿಯ ಕೈಯೇ ಬದಲಾಗುತ್ತಿತ್ತು. ನನ್ನ ಒಬ್ಬಟ್ಟಿನ ಮೇಲೆ ತುಪ್ಪದ ಮಿಳ್ಳೆ ನೆರಳು ಬೀಳಿಸಿ ಮುಂದಕ್ಕೆ ಹೋಗುತ್ತಿತ್ತು. ಭಾವನ ಎಲೆಯಲ್ಲಿ ಒಬ್ಬಟ್ಟು ಈಜುತ್ತಿತ್ತು. ಆ ಮನುಷ್ಯನ ನಾಟಕ ಕೇಳಿ: "ಸಾಕು ಅಜ್ಜಿ, ಸಾಕು ಸಾಕು" ಎಂದು ಎಲೆಗೆ ಕೈ ಅಡ್ಡ ಹಿಡಿಯುವುದು, ಬೆರಳುಗಳನ್ನು ಮಾತ್ರ ಅಗಲಿಸಿಕೊಂಡೇ ಇರುವುದು! ತುಪ್ಪ ಸಂದಿಯಲ್ಲಿ ಧಾರಾಳವಾಗಿ ಇಳಿಯುತ್ತಿತ್ತು. ಅವರು ಹೋದ ಮೇಲೆ ನಾನು ಅದನ್ನೇ ಮಾಡಿ ತೋರಿಸಿದರೆ ಮನೆಯವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ನಗು ಸಿಗುತ್ತಿತ್ತು, ತುಪ್ಪ ಸಿಗುತ್ತಿರಲಿಲ್ಲ.

"ತುಪ್ಪ ಗಂಟ್ಲಿಗೆ ಒಳ್ಳೇದಂತೆ ಕಣಜ್ಜಿ, ನಾನು ಮಿಮಿಕ್ರಿ ಮಾಡೋನು" ಎಂದರೆ, "ನಿನ್ ಗಂಟ್ಲು ಈಗ್ಲೇ ಊರಿಗೆಲ್ಲ ಕೇಳ್ತೈತೆ. ತುಪ್ಪ ಬೇರೆ ಹಾಕಿದ್ರೆ ಸಕಲೇಶಪುರಕ್ಕೂ ಕೇಳ್ತದೆ. ತಗ, ಇದ್ನ ತಿನ್ನು" ಎಂದು ಬೆಣ್ಣೆ ಕಾಯಿಸಿದ ಪಾತ್ರೆಯನ್ನೇ ನನ್ನ ಮುಂದೆ ನೂಕುತ್ತಿದ್ದಳು. ತಳದಲ್ಲಿ ಕಂದು ಬಣ್ಣದ ಗಸಿ. ಅದರ ಮೇಲೊಂದು ಸೌಟು ಬಿಸಿ ಅನ್ನ. ನೆಲದ ಮೇಲೆ ಕೂತು ಕೆರೆದು ತಿನ್ನುತ್ತಾ ಭಾವನನ್ನು ಬೈಯುತ್ತಿದ್ದೆ.

ಒಮ್ಮೆ ಭಾವ ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನ ಪಾತ್ರೆಯನ್ನೇ ನೋಡುತ್ತಿದ್ದರು. "ಅಯ್ಯೋ, ನೀವ್ಯಾಕೆ ಒಳಕ್ಕೆ ಬಂದ್ರಿ? ಹೋಗಿ ಕೂತ್ಕಳಿ" ಎಂದು ಅಜ್ಜಿ ಓಡಿಸಿದಳು. ಇದಕ್ಕೂ ಕಣ್ಣು ಹಾಕಿದರಲ್ಲ ಎಂದು ನಾನು ಪಾತ್ರೆಯನ್ನು ತೊಡೆಗೆ ಒತ್ತಿಕೊಂಡೆ.

ಈಗ ನಾನೇ ಅಳಿಯ. ಅತ್ತೆ ತುಪ್ಪ ಸುರಿಯುತ್ತಾರೆ. ನನ್ನ ಕೈ ಅಡ್ಡ ಹೋಗುತ್ತದೆ, ಬೆರಳುಗಳು ತಾವಾಗಿಯೇ ಅಗಲವಾಗುತ್ತವೆ.

ಮೊನ್ನೆ ಮೂಗಿನ ಹಿಂದೆಯೇ ಹೋಗಿ ನಾನೂ ಬಾಗಿಲಲ್ಲಿ ನಿಂತೆ. ಭಾಮೈದ, ಹೆಂಡತಿಯ ತಮ್ಮ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ತುಪ್ಪ ಬಸಿದ ಪಾತ್ರೆಯನ್ನು ಮುಂದಿಟ್ಟುಕೊಂಡಿದ್ದ. ಅತ್ತೆ ಅನ್ನದ ಸೌಟು ಎತ್ತಿದ್ದರು.

"ಅತ್ತೆ, ನಂಗೂ ಒಂಚೂರು..."

"ಅಯ್ಯೋ, ಅಳಿಯಂದ್ರಿಗೆ ತಳ ಕೆರ್ದು ಕೊಡಾದಾ? ಹೋಗಿ ಕೂತ್ಕಳಿ, ಮೇಲಿನ್ ತುಪ್ಪ ಹಾಕ್ಕೊಡ್ತೀನಿ."

"ಸಾಕು ಅತ್ತೆ, ಸಾಕು ಸಾಕು" ಎಂದು ಭಾಮೈದ ಬೆರಳು ಅಗಲಿಸಿ ನನ್ನನ್ನೇ ಅಣಕಿಸಿದ. ಚೆನ್ನಾಗಿಯೇ ಮಾಡಿದ, ಅದಕ್ಕೇ ಇನ್ನಷ್ಟು ಉರಿಯಿತು.

ಭಾವ ಅಂದು ಬಾಗಿಲಲ್ಲಿ ಏನು ನೋಡುತ್ತಿದ್ದರೆಂದು ಈಗ ಗೊತ್ತಾಯಿತು. ಮೇಲಿನ ತುಪ್ಪ ನೆಂಟರಿಗೆ, ತಳ ಮನೆಯ ಮಕ್ಕಳಿಗೆ. ಪಾಪ, ಅವರು ಬರಿಗೈಯಲ್ಲಿ ವಾಪಸ್ ಹೋದರು. ನಾನು ಮಿಮಿಕ್ರಿಯವನು.

ಜಗಲಿಗೆ ಹೋಗಿ ಮಾವನ ಧ್ವನಿ ತೆಗೆದೆ: "ಲೋ ಮಗ, ಹಸ ಬಿಚ್ಕಂಡು ಸೊಪ್ಪಿನ ಮಡಿಗೆ ನುಗ್ಬುಡ್ತು ಕಣೋ!"

ಭಾಮೈದ ಪಾತ್ರೆ ಬಿಟ್ಟು ಹಿತ್ತಲಿಗೆ ಓಡಿದ. ನಾನು ಒಳಗೆ ಹೋಗಿ ಅವನ ಜಾಗದಲ್ಲಿ ಕೂತುಬಿಟ್ಟೆ. ಮಾವ ಆಲೂರಿಗೆ ಹೋಗಿದ್ದಾರೆಂದು ಭಾಮೈದನಿಗೆ ಗೊತ್ತಿರಲಿಲ್ಲ, ಅತ್ತೆಗೆ ಗೊತ್ತಿತ್ತು. ನನ್ನನ್ನೊಮ್ಮೆ, ಪಾತ್ರೆಯನ್ನೊಮ್ಮೆ ನೋಡಿದರು. ಸೆರಗನ್ನು ಬಾಯಿಗೆ ಒತ್ತಿಕೊಂಡು, ಎತ್ತಿದ ಸೌಟನ್ನು ನನ್ನ ಮುಂದೆಯೇ ಇಳಿಸಿದರು.

"ತಿನ್ನಿ ಮಾರಾಯ್ರೆ. ಯಾರಿಗೂ ಹೇಳ್ಬ್ಯಾಡಿ."

ಏದುಸಿರು ಬಿಡುತ್ತಾ ಭಾಮೈದ ಬಾಗಿಲಿಗೆ ಬಂದು ನಿಂತ. ಆ ಮುಖ ನನಗೆ ಗುರುತಿನದೇ. ಸ್ವಲ್ಪ ಸರಿದು ಕೂರಲು ಜಾಗ ಕೊಟ್ಟೆ. ಪಾತ್ರೆ ಮಾತ್ರ ನನ್ನ ತೊಡೆಯ ಮೇಲೆಯೇ ಇತ್ತು.