ಅಪ್ಪ ಪೂಜಿ ಮಾಡಿದ ಪೇಟಿ

ನಮ್ಮಣ್ಣ ಕಳಕಪ್ಪ ಪೇಟಿ, ಅದಽ ಹಾರ್ಮೋನಿಯಂ, ಬಾರಸ್ತಿದ್ದ ಅಂದ್ರ ಈಗಿನ ಮಂದಿ, "ಹೌದೇನ್ರಿ, ಭಜನಿಗೆ?" ಅಂತ ಕೇಳ್ತಾರ. ನನಗ ಮೈ ಉರೀತೈತಿ. ಭಜನಿಗಲ್ಲ. ದೊಡ್ಡ ದೊಡ್ಡ ಗವಾಯಿಗಳ ಮಗ್ಗಲಕ್ಕ ಕುಂತು, ಅವರು ತಾನ ತಗೊಂಡು ಮುಗಸೂದರೊಳಗ ಅದನ್ನ ಬೆರಳಾಗ ಹಿಡದು ಕೊಡತಿದ್ದ. ಗದಗ, ನರಗುಂದ, ಹುಬ್ಬಳ್ಳಿ, ಎಲ್ಲಿ ಮೈಫಿಲ್ ಇದ್ರೂ ಗಜೇಂದ್ರಗಡದ ಕಳಕಪ್ಪನ್ನ ಕರೀರಿ ಅಂತಿದ್ರು. ಶಾಲು ಹೊಚ್ಚೂದು ಮಾತ್ರ ಗವಾಯಿಗೆ.

ಅವಗ ಇದ್ದದ್ದು ಒಂದಽ ಆಸೆ. ಹಾಡವರು ಯಾರೂ ಇಲ್ಲದ, ತಾನೊಬ್ಬನಽ ನಡುವ ಕುಂತು ಒಂದು ರಾಗ ಪೂರ್ತಿ ನುಡಿಸಬೇಕು. ಎಲ್ಲಿ ನುಡಸ್ತಾನ ಪಾಪ? ರೇಡಿಯೋದವರು ಆಗ ಪೇಟಿನ ಒಳಗ ಬಿಡ್ತಿರಲಿಲ್ಲ, ವಿಲಾಯತಿ ವಾದ್ಯ, ನಮ್ಮ ಸಂಗೀತಕ್ಕ ಸಲ್ಲಂಗಿಲ್ಲ ಅಂತ. ಮೈಫಿಲ್ ಇಡಸವರು "ಬರೇ ಪೇಟಿ ಯಾರು ಕೇಳ್ತಾರೋ ತಮ್ಮಾ" ಅಂತ ನಕ್ಕು ಕಳಸ್ತಿದ್ರು.

ಇನ್ನ ಮನ್ಯಾಗ ಅಪ್ಪ. ಹೆಸರು ಅಯ್ಯಪ್ಪ, ಪ್ಯಾಟ್ಯಾಗ ಹತ್ತಿ, ಜ್ವಾಳದ ದಲಾಲಿ, ಕೊಟ್ಟ ಮಾತಿಗೆ ತಪ್ಪದ ಮನಶ್ಯಾ. ಮಗ ಅಂಗಡಿ ಬಿಟ್ಟು ಪೇಟಿ ಹೊತಗೊಂಡು ಊರೂರು ತಿರಗ್ತಾನ ಅಂತ ಅವನ ಜೋಡಿ ಮಾತಽ ಕಮ್ಮಿ ಮಾಡಿದ್ದ. ಅಣ್ಣ ಹಿಂದಿನ ಖೋಲ್ಯಾಗ ರಿಯಾಜಿಗೆ ಕುಂತ ಕೂಡ್ಲೇ ಅಪ್ಪ ಚಪ್ಪಲಿ ಮೆಟಗೊಂಡು ಹೊರಗ ನಡಿಯಂವ. ಮಗ ಏನು ನುಡಸ್ತಾನ ಅಂತ ಒಮ್ಮೆನೂ ಕುಂತು ಕೇಳಲಿಲ್ಲ. ಶಾಲು ಬರಲಿಲ್ಲ ಅನ್ನೂದಕ್ಕಿಂತ ಇದಽ ಅಣ್ಣಗ ಹೆಚ್ಚು ಕೊರೀತಿತ್ತು.

ಐವತ್ನಾಕನೇ ಇಸವಿ ದಸರಾ ಬಂತು. ಬನ್ನಿ ಮುಡಿಯೂ ದಿನ ಸಂಜಿಗೆ ರೋಣದ ವ್ಯಾಪಾರಸ್ಥರು ಮೈಫಿಲ್ ಇಡಸ್ತಿದ್ರು. ಆ ವರ್ಷ ಅವರ ಮನಸಿಗೆ ಏನು ಬಂತೋ, ಈ ಸಲ ಕಳಕಪ್ಪನ ಪೇಟಿ ಒಂದಽ ಸಾಕು, ತಬಲಾಕ್ಕ ಬಾಬುಸಾಬ ಇರ್ತಾನ ಅಂತ ಹೇಳಿ ಕಳಿಸಿದ್ರು. ಅಣ್ಣ ಉಣ್ಣೂದು ಮರೆತ. ಸುದ್ದಿ ಅಪ್ಪನ ಕಿವಿಗೂ ಬಿತ್ತು. ಒಂದಿನ ಉಣ್ಣಾಕ ಕುಂತಾಗ ತಲಿ ಎತ್ತದನ ಅಂದ, "ರೋಣಕ್ಕ ನಾನೂ ಬರ್ತೀನಿ." ಅಣ್ಣನ ಕಣ್ಣಾಗ ನೀರು ಬಂದ್ವು. ಹಬ್ಬಕ್ಕ ತವರಿಗೆ ಬಂದಿದ್ದ ನಾನೂ ಅತ್ತೆ.

ಹಿಂದಿನ ದಿನ ಖಂಡೇಪೂಜಿ. ಅವತ್ತು ನಮ್ಮಂಥ ಅಂಗಡಿಯವರ ಮನ್ಯಾಗ ತಕ್ಕಡಿ, ತೂಕದ ಕಲ್ಲು, ಕುಡಗೋಲು, ಕೊಡ್ಲಿ ಎಲ್ಲಾ ಹಿತ್ತಲಕ್ಕ ತಂದು ತಿಕ್ಕಿ ತೊಳದು, ಇಬತ್ತಿ ಹಚ್ಚಿ, ಸಾಲಾಗಿ ಇಟ್ಟು ಪೂಜಿ ಮಾಡ್ತಾರ. ಅನ್ನ ಕೊಡೂ ಸಾಮಾನು ಚೊಕ್ಕ ಇರಬೇಕು. ಅಣ್ಣ ಕ್ಷೌರಕ್ಕ ಹೋಗಿದ್ದ, ನಾನು ಹೋಳಿಗಿ ಒಲಿ ಮುಂದ ಕುಂತಿದ್ದೆ. ಅಪ್ಪ ತಾನಽ ಹಿಂದಿನ ಖೋಲಿಗೆ ಹೋಗಿ ಪೇಟಿ ಎತಗೊಂಡು ಬಂದಾನ. ಮುಚ್ಚಳ ತಗದು, ತಕ್ಕಡಿ ತೊಳದಂಗ ತಂಬಿಗಿ ತಂಬಿಗಿ ನೀರು ಸುರುವಿ, ಕರಿ ಬಿಳಿ ಪಟ್ಟಿಗಳ ಸಂದ್ಯಾಗ ಬೆರಳು ಹಾಕಿ ತೊಳದಾನ. ಒಳಗ ಗಾಳಿಗೆ ನುಡಿಯೂ ಹಿತ್ತಾಳಿ ನಾಲಿಗಿ ಇರ್ತಾವ, ತಿದಿ ಅಂದ್ರ ಬರೇ ಅಂಟು, ಕಾಗದ, ತೊಗಲು ಅಂತ ಆ ಮನಶ್ಯಾಗ ಏನು ಗೊತ್ತು?

ಅಣ್ಣ ಬಂದಾಗ ಪೇಟಿ ತಕ್ಕಡಿ ಮಗ್ಗಲಕ್ಕ ಇಬತ್ತಿ ಹಚಗೊಂಡು, ಚೆಂಡ ಹೂ ಮುಡಕೊಂಡು ಕುಂತಿತ್ತು. ಬುಡಕ ನೀರು ಸೋರ್ತಿತ್ತು. ಅಪ್ಪ ಕೈ ಒರಸಿಕೋತ, "ಇಷ್ಟು ವರ್ಷ ಇದಕ್ಕ ಪೂಜಿ ಆಗಿರಲಿಲ್ಲೋ ಕಳಕ, ನಂದಽ ತಪ್ಪು. ಧೂಳ ಭಾಳ ಇತ್ತು, ತೊಳದೀನಿ" ಅಂದ.

ಅಣ್ಣನ ಮಾರಿ ಬೆಳ್ಳಗಾತು. ಬಗ್ಗಿ ಅಪ್ಪನ ಕಾಲು ಮುಟ್ಟಿ, "ಚಲೋ ಆತು ಯಪ್ಪಾ" ಅಂದ.

ಅಪ್ಪ ಅಂಗಡಿ ಪೂಜಿಗೆ ಹೋದ ಮ್ಯಾಲೆ ಬಿಸಲಿಗಿಟ್ಟು ನೋಡಿದ್ವಿ. ಕಟಗಿ ಉಬ್ಬಿ ಪಟ್ಟಿ ಹಿಡಕೊಂಡಿದ್ವು, ತಿದಿ ಅಂಟು ಬಿಟ್ಟಿತ್ತು. "ಬಾಬುಸಾಬಗ ಹೇಳಿ ರೋಣದಾಗ ಯಾರ್ದರ ಪೇಟಿ ಇಸಕೋ ಯಣ್ಣಾ" ಅಂದೆ.

"ಅಪ್ಪ ಮುಂದಽ ಕುಂತಿರ್ತಾನ. ನಾ ತೊಳದದ್ದು ಎಲ್ಲೈತಿ ಅಂದ್ರ?"

"ಖರೇನಽ ಹೇಳು."

"ಇವತ್ತು ಮೊದಲ್ನೇ ಸಲ ಅದಕ್ಕ ಕೈ ಹಚ್ಯಾನ ಗೌರಿ. ಹ್ಯಾಂಗ ಹೇಳ್ಲಿ? ನೀನೂ ಹೇಳಬ್ಯಾಡ, ನನ್ನ ಆಣಿ ಐತಿ."

ಹುಚ್ಚ. ಅವತ್ತಿನ ಸಿಟ್ಟು ನನಗ ಇನ್ನೂ ಇಳದಿಲ್ಲ.

ಮರುದಿನ ಅಪ್ಪ ಹೊಸಾ ಪಟಗಾ ಸುತಗೊಂಡು ಬಸ್ಸಿಗೆ ಹೋಗಾಕ ತಯಾರಾಗಿ ಕಟ್ಟಿ ಮ್ಯಾಲೆ ಕುಂತ. "ಮೈಫಿಲ್ ರದ್ದಾಗೇತಂತ ಯಪ್ಪಾ" ಅಂದ ಅಣ್ಣ. ಪೇಟಿ ಕೆಟ್ಟೈತಿ ಅಂದ್ರ ಸುದ್ದಿ ಅಪ್ಪಗ ಮುಟ್ಟತೈತಿ ಅಂತ ರೋಣಕ್ಕೂ ಹೇಳಿ ಕಳಿಸಿರಲಿಲ್ಲ. ಅಪ್ಪ ಪಟಗಾ ಬಿಚ್ಚಿ ಗೂಟಕ್ಕ ಹಾಕಿದ. ಆ ವಾರದಾಗಽ ರೋಣದ ಸಾವಕಾರೊಬ್ಬ ಅಂಗಡಿಗೆ ಬಂದು, ಮಂದಿ ಕಾದು ಕಾದು ಎದ್ದು ಹೋದ್ರು, ನಿನ್ನ ಮಗ ನಮ್ಮ ಮಾನ ಕಳದ ಅಂತ ಬೈದು ಹೋದ. ಅಪ್ಪ ಮನಿಗೆ ಬಂದು, "ಅಂಜಿದಿ" ಅಂತ ಅಷ್ಟಽ ಅಂದ. ಅಣ್ಣ ತಲಿ ತಗ್ಗಿಸಿದ. ನಾನು ಬಾಯಿ ತಗದ್ರ ನನ್ನ ಮ್ಯಾಲೆ ಕಣ್ಣು ಕಿಸಿದ.

ಮಾತು ಕೊಟ್ಟು ಬರದಂವನ್ನ ಯಾರು ಕರೀತಾರ? ಮೈಫಿಲ್ ಒಂದೊಂದಽ ನಿಂತ್ವು. ಅಣ್ಣ ಪೇಟಿನ ಕದ್ದುಮುಚ್ಚಿ ಗದಗಿಗೆ ಒಯ್ದು ರಿಪೇರಿಯವರಿಗೆ ತೋರಿಸಿದ. ನಾಲಿಗಿ ಕಿಲುಬು ಹಿಡದಾವ, ಮರ ಸೊಟ್ಟ ಆಗೇತಿ, ಹೊಸಾದು ತಗೋ ಅಂದ್ರು. ಹೊಸಾದು ತಂದ್ರ ಹಳೇದಕ್ಕೇನಾತು ಅಂತ ಅಪ್ಪ ಕೇಳ್ತಾನಲ್ಲ, ತರಲಿಲ್ಲ. ಅಂಗಡ್ಯಾಗ ಕುಂತು ತಕ್ಕಡಿ ಹಿಡದ.

ಐವತ್ತೆಂಟರಾಗ ಅಪ್ಪ ಹಾಸಿಗಿ ಹಿಡದ. ನೋಡಾಕ ಅಂತ ನಾ ಬಂದಿದ್ದೆ. ಒಂದಿನ ಮಧ್ಯಾಹ್ನ, "ಕಳಕ, ನಾ ಪೂಜಿ ಮಾಡಿದ ಪೇಟಿ ತಾ. ಒಮ್ಮೆ ಕೇಳಿ ಹೋಗ್ತೀನಿ" ಅಂದ. ಮಠದಾಗಿನ ಪೇಟಿ ದನಿ ಚಲೋ ಐತಿ, ಅದನ್ನ ತರ್ತೀನಿ ಅಂತ ನಾನು ಲಗೂನ ಎದ್ದೆ. "ಅದಽ ಬೇಕು" ಅಂದ ಅಪ್ಪ.

ಅಣ್ಣ ತಂದು ಮಗ್ಗಲಕ್ಕ ಕುಂತ. ತಿದಿ ಒತ್ತಿದ. ನಾಕೈದು ಸ್ವರ ಗೊರಗೊರ ಅಂದ್ವು, ಉಳದದ್ದು ಬರೇ ಗಾಳಿ. ಆದ್ರೂ ಅಂವ ನಿಲ್ಲಸಲಿಲ್ಲ. ಬೆರಳು ಎಲ್ಲಿ ಹೋಗಬೇಕೋ ಅಲ್ಲೇ ಹೋಗ್ತಿದ್ವು, ಒಂದೂ ತಪ್ಪಲಿಲ್ಲ, ನಾ ನೋಡ್ತಿದ್ದೆ. ಅಪ್ಪ ಕಣ್ಣು ಮುಚಗೊಂಡು ಪೂರ್ತಿ ಕೇಳಿದ. ಆಮ್ಯಾಲೆ ಅಣ್ಣನ ತೊಡಿ ಮ್ಯಾಲೆ ಕೈ ಇಟ್ಟು, ಭಾಳ ಮೆತ್ತಗ ಅಂದ:

"ರೋಣಕ್ಕ ಹೋಗಲಿಲ್ಲ, ಚಲೋ ಮಾಡಿದಿ ತಮ್ಮಾ. ಮಂದಿ ನಗತಿದ್ರು."

"ಹೌದು ಯಪ್ಪಾ" ಅಂದ ಅಣ್ಣ.